ಓಮ್ನಿಯಲ್ಲಿ ಕೊನೆಯ ಎರಡು ರಾತ್ರಿ

ಅಂಕೋಲಾ ಮುಟ್ಟುವಾಗ ನಮ್ಮ ಹತ್ತಿರ ಉಳಿದಿದ್ದು ಎರಡು ರಾತ್ರಿ, ಅರ್ಧ ಕ್ಯಾನು ನೀರು ಮತ್ತು ₹1,900. ತಲಪಾಡಿ ಗಡಿಯಿಂದ ಹೊರಟು ಐದು ದಿನ ಆಗಿತ್ತು. ಇನ್ನು ಕಾರವಾರ ದಾಟಿ ಮಾಜಾಳಿ ಮುಟ್ಟಿದರೆ ಕರ್ನಾಟಕದ ಕರಾವಳಿ ಮುಗಿಯಿತು. ಹೆದ್ದಾರಿ 66ರಲ್ಲಿ ಬೆಳಿಗ್ಗೆ ಹೊರಟವರು ಅದೇ ದಿನ ಮುಗಿಸುವ ದಾರಿ ಇದು. ನಾವು ಏಳು ದಿನ ಇಟ್ಟುಕೊಂಡಿದ್ದೆವು. ಗಾಡಿಯೂ ನಿಧಾನ, ಗಾಡಿಯೊಳಗೆ ಇದ್ದ ಅಪ್ಪನೂ ನಿಧಾನ.

ನಾವು ಅಂದರೆ ಗಂಡ-ಹೆಂಡತಿ. ಟೈಪ್ ಮಾಡಿದ್ದು ಒಬ್ಬರಾದರೂ ಮಾತು ಇಬ್ಬರದ್ದು, ಹಾಗಾಗಿ ಎಲ್ಲ ಕಡೆ ನಾವು ಎಂದೇ ಬರೆಯುತ್ತೇವೆ. ಒಬ್ಬರು ಜಿಲ್ಲೆಯ ಸ್ಟ್ರಿಂಗರ್. ಇನ್ನೊಬ್ಬರು ಆ ಸ್ಟ್ರಿಂಗರನ ಫೋಟೋಗ್ರಾಫರ್, ಲೆಕ್ಕ ಬರೆಯುವವರು, ತಪ್ಪು ಮಾಡಿದಾಗ ಬೈಯುವವರು. ಮೂರನೆಯವರು ಅಪ್ಪ. ನಲವತ್ತು ವರ್ಷ ಲಾರಿ ಓಡಿಸಿ, ಕಣ್ಣಿನ ಪೊರೆ ಬಂದ ಮೇಲೆ ಯಲ್ಲಾಪುರದ ಕಡೆಯ ನಮ್ಮ ಹಳ್ಳಿಯ ಜಗಲಿಯಲ್ಲಿ ಕೂತವರು.

ಗಾಡಿ ಭಾವನದ್ದು, ಹಳೆಯ ಮಾರುತಿ ಓಮ್ನಿ. ಹಿಂದಿನ ಸೀಟು ತೆಗೆದು ಊರಿನ ಬಡಗಿಯಿಂದ ಒಂದು ಪ್ಲೈವುಡ್ ಮಂಚ ಮಾಡಿಸಿದೆವು. ಕೆಳಗೆ ಪಾತ್ರೆ, ಅಕ್ಕಿ, ಸಣ್ಣ ಒಲೆ. ಮೇಲೆ ಹಾಸಿಗೆ, ಸೊಳ್ಳೆ ಪರದೆ. ಆರ್‌ಟಿಒ ನಿಯಮ ಬಲ್ಲವರು ಸಿಟ್ಟು ಮಾಡಬೇಡಿ, ಸೀಟು ಮನೆಯ ಅಟ್ಟದಲ್ಲಿ ಇತ್ತು, ಬಂದ ಮರುದಿನವೇ ಜೋಡಿಸಿ ಆಗಿದೆ. ಯೂಟ್ಯೂಬಿನಲ್ಲಿ ಹೊರದೇಶದವರು ಕ್ಯಾಂಪರ್‌ವ್ಯಾನಿನಲ್ಲಿ ಸಮುದ್ರದ ಪಕ್ಕ ಕಾಫಿ ಕಾಯಿಸುವುದನ್ನು ನೋಡಿ ನೋಡಿ ಬಂದ ಆಸೆ ಇದು. ಅಪ್ಪನಿಗೆ ಹೇಳಿದಾಗ ನಕ್ಕರು. “ಅದಕ್ಕೆಂತ ಹೊಸ ಹೆಸರು? ನಾನು ಮಾಡಿದ್ದು ಅದೇ ಅಲ್ವಾ?”

ಇದು 2025ರ ಜನವರಿ, ಸಂಕ್ರಾಂತಿ ಕಳೆದ ವಾರ. ಐದನೆಯ ದಿನ ಮಧ್ಯಾಹ್ನ ಶಿರೂರು ಬಂತು. ಒಂದು ಪಕ್ಕ ಗುಡ್ಡ, ಇನ್ನೊಂದು ಪಕ್ಕ ಗಂಗಾವಳಿ. ನಿಲ್ಲಿಸೋಣವಾ ಎಂದು ಕೇಳಿದೆವು. ಅಪ್ಪ ಮುಂದಿನ ಗಾಜು ನೋಡುತ್ತ “ಹೋಗ್ವಾ” ಅಂದರು. ಅಷ್ಟೇ. ನಾವೂ ಒತ್ತಾಯ ಮಾಡಲಿಲ್ಲ. ಆರು ತಿಂಗಳಿಂದ ನಮ್ಮ ಮನೆಯಲ್ಲಿ ಆ ಊರಿನ ಹೆಸರು ಎತ್ತುವ ಹಾಗಿರಲಿಲ್ಲ. ಕಾರಣ ನಮಗೆ ಗೊತ್ತಿದೆ ಎಂದುಕೊಂಡಿದ್ದೆವು. ಗೊತ್ತಿರಲಿಲ್ಲ ಎಂದು ತಿಳಿದದ್ದು ಮರುದಿನ ರಾತ್ರಿ, ಕಾರವಾರದಲ್ಲಿ.

ಅವತ್ತು ಸಂಜೆ ಅಂಕೋಲಾದ ಕೇಣಿಯಲ್ಲಿ ಗಾಡಿ ನಿಲ್ಲಿಸಿದೆವು. ದೋಣಿಗಳು ದಡಕ್ಕೆ ಬಂದಿದ್ದವು, ಬಲೆ ಬಿಡಿಸುತ್ತ ಕೂತವರು ಗಾಡಿಯೊಳಗೆ ಇಣುಕಿ ನೋಡಿ, ಮಂಚ ಕಂಡು, ಇವರು ಮಾರಾಟಕ್ಕೆ ಬಂದವರಲ್ಲ ಎಂದು ತಿಳಿದು ತಮ್ಮ ಕೆಲಸಕ್ಕೆ ಮರಳಿದರು. ಇಲ್ಲಿ ದೊಡ್ಡ ವಾಣಿಜ್ಯ ಬಂದರು ಬರುತ್ತದೆ ಎಂಬ ಯೋಜನೆಗೆ ಮೀನುಗಾರರ ವಿರೋಧ ಇದೆ. ಅದರ ಸುದ್ದಿ ಬೇರೆಯೇ ಬರೆಯಬೇಕು. ನಮಗೆ ಅವತ್ತು ಸಿಕ್ಕಿದ್ದು ಎಂಟು ಬಂಗಡೆ. ದುಡ್ಡು ತಗೊಳ್ಳಲಿಲ್ಲ.

ನಮ್ಮಿಂದ ಸ್ವಲ್ಪ ದೂರದಲ್ಲಿ ಜರ್ಮನಿಯ ನಂಬರ್ ಪ್ಲೇಟಿನ ಒಂದು ವ್ಯಾನು ನಿಂತಿತ್ತು. ವ್ಯಾನು ಅನ್ನುವುದಕ್ಕಿಂತ ನಮ್ಮ ಕಡೆಯ ಮಿನಿ ಬಸ್ಸಿನಷ್ಟು ಎತ್ತರ. ಅರುವತ್ತರ ಆಸುಪಾಸಿನ ಗಂಡ-ಹೆಂಡತಿ. ಟರ್ಕಿ, ಇರಾನ್, ಪಾಕಿಸ್ತಾನದ ಮೇಲೆ ರಸ್ತೆಯಲ್ಲೇ ಬಂದವರಂತೆ. ಅವರದ್ದೂ ಕೊನೆಯ ದಿನಗಳೇ. ಇಲ್ಲಿಂದ ಗೋವಾ, ಅಲ್ಲಿಂದ ಮುಂಬಯಿ, ಅಲ್ಲಿ ಗಾಡಿಯನ್ನು ಹಡಗಿಗೆ ಹತ್ತಿಸಿ ತಾವು ವಿಮಾನದಲ್ಲಿ ಊರಿಗೆ. ನಮ್ಮ ಇಂಗ್ಲಿಷೂ ಅಷ್ಟಕ್ಕಷ್ಟೆ, ಅವರದ್ದೂ ಅಷ್ಟಕ್ಕಷ್ಟೆ, ಹಾಗಾಗಿ ಮಾತು ಸಲೀಸಾಗಿ ಆಯಿತು. ಬಂಗಡೆ ಹುರಿದು ಎರಡು ಕೊಟ್ಟೆವು. ಅವರು ಕಾಫಿ ಕೊಟ್ಟರು. ಸಕ್ಕರೆ ಇಲ್ಲ, ಹಾಲಿಲ್ಲ. ಅಪ್ಪ ಔಷಧದ ಹಾಗೆ ಕುಡಿದರು.

ಅವರ ಗಾಡಿಯಲ್ಲಿ ನಮಗೆ ಹೊಟ್ಟೆಕಿಚ್ಚು ತರಿಸಿದ್ದು ಫ್ರಿಜ್ಜೂ ಅಲ್ಲ, ಸೋಲಾರೂ ಅಲ್ಲ, ಶೌಚಾಲಯ. ಒಂದು ಸಣ್ಣ ಬಾಗಿಲು ತೆರೆದರೆ ಕಮೋಡು, ಕೆಳಗೆ ಎಳೆದು ತೆಗೆಯುವ ಪೆಟ್ಟಿಗೆ. ಗಾಡಿಯಲ್ಲಿ ಊರು ಸುತ್ತುವ ವಿಡಿಯೋ ಮಾಡುವವರು ಈ ವಿಷಯ ಹೇಳುವುದೇ ಇಲ್ಲ. ಐದು ದಿನ ನಮ್ಮ ಇಡೀ ಪ್ರಯಾಣ ನಿಂತಿದ್ದು ಪೆಟ್ರೋಲ್ ಬಂಕುಗಳ ಮೇಲೆ. ಕೆಲವು ಬಂಕಿನಲ್ಲಿ ಸ್ವಚ್ಛ ಇರುತ್ತದೆ, ಕೆಲವು ಕಡೆ ಬೀಗ, ಬೀಗದ ಕೈ ಮ್ಯಾನೇಜರನ ಹತ್ತಿರ, ಮ್ಯಾನೇಜರ್ ಊಟಕ್ಕೆ. ನಮ್ಮಲ್ಲಿ ಹೆಂಗಸು ಒಬ್ಬರೇ ಆದ್ದರಿಂದ ಸಂಜೆ ಆರರ ಮೇಲೆ ನೀರು ಕುಡಿಯದೆ ಇದ್ದವರೂ ಒಬ್ಬರೇ. ಇದನ್ನು ಕೇಳಿ ಜರ್ಮನಿಯ ಅಮ್ಮ ತಲೆ ಅಲ್ಲಾಡಿಸಿ, ತಮ್ಮ ಬಾಗಿಲು ರಾತ್ರಿ ಯಾವಾಗ ಬೇಕಾದರೂ ಬಡಿಯಬಹುದು ಎಂದರು. ಬಡಿದೆವು. ನ್ಯೂಜಿಲೆಂಡಿನಲ್ಲಿ ಹೀಗೆ ಕಂಡಲ್ಲಿ ಗಾಡಿ ನಿಲ್ಲಿಸಿ ಮಲಗುವವರ ಬಗ್ಗೆಯೇ 2011ರಲ್ಲಿ ಒಂದು ಕಾಯ್ದೆ ಬಂದಿದೆ, ಎಲ್ಲಿ ನಿಲ್ಲಬಹುದು ಎಂಬುದನ್ನೂ ಗಾಡಿಯೊಳಗೆ ಶೌಚಾಲಯ ಇದೆಯಾ ಎಂಬುದನ್ನೂ ಅಲ್ಲಿ ಸೇರಿಸಿಯೇ ನೋಡುತ್ತಾರೆ.

ಜರ್ಮನಿಯವರಿಗೆ ನಿಲ್ಲುವ ಜಾಗ ಹುಡುಕಿಕೊಡುವುದು ಫೋನಿನ ಒಂದು ಆಪ್, ಐಓವರ್‌ಲ್ಯಾಂಡರ್ ಅಂತ. ಲೋಕದ ಮೇಲೆ ಹೀಗೆ ತಿರುಗುವವರು ತಾವು ಮಲಗಿದ ಜಾಗಕ್ಕೆ ಗುರುತು ಹಾಕಿ, ನೀರು ಸಿಗುತ್ತದಾ, ರಾತ್ರಿ ಪೊಲೀಸರು ಎಬ್ಬಿಸುತ್ತಾರಾ ಎಂದು ಬರೆದಿಡುತ್ತಾರೆ. ಅಪ್ಪ ಬಹಳ ಹೊತ್ತು ಆ ನಕ್ಷೆ ನೋಡಿದರು. ಗೋಕರ್ಣದ ಹತ್ತಿರ ಗುರುತುಗಳು ಗಿಜಿಗಿಜಿ ಇದ್ದವು. ಅಪ್ಪ ಗಂಗಾವಳಿಯ ನೀಲಿ ಗೆರೆಯ ಮೇಲೆ ಬೆರಳಿಟ್ಟು “ಇಲ್ಲಿ?” ಅಂದರು. ಅಲ್ಲಿ ಏನೂ ಇರಲಿಲ್ಲ. “ಇಲ್ಲಿ ಇಪ್ಪತ್ತು ಲಾರಿ ನಿಲ್ತಿತ್ತು,” ಅಂದರು ಅಪ್ಪ ಕನ್ನಡದಲ್ಲಿ. ನಾವು ಅದನ್ನು ಅನುವಾದ ಮಾಡಲಿಲ್ಲ.

ಆಮೇಲೆ ಜರ್ಮನಿಯ ಅಪ್ಪ ಕೇಳಿದರು, ನಿಮಗೆ ಜಾಗ ಯಾರು ಹೇಳುತ್ತಿದ್ದರು ಎಂದು. ಇದಕ್ಕೆ ಅಪ್ಪ ಕೊಟ್ಟ ಉತ್ತರ ಅರ್ಧ ಗಂಟೆ ನಡೆಯಿತು, ನಾವು ಬೆವರಿ ಬೆವರಿ ಇಂಗ್ಲಿಷಿಗೆ ತಂದೆವು. ಮೊದಲು ನಿಂತ ಲಾರಿಗಳನ್ನು ನೋಡಬೇಕು. ಒಂಟಿ ಲಾರಿ ನಿಂತಿದ್ದರೆ ಅದು ಕೆಟ್ಟು ನಿಂತದ್ದು, ಅಲ್ಲಿ ನಿಲ್ಲಬಾರದು. ನಾಲ್ಕೈದು ನಿಂತಿದ್ದರೆ ನಿಲ್ಲಬಹುದು, ಆದರೆ ಸಾಲಿನ ಕಟ್ಟಕಡೆಗೆ ನಿಲ್ಲಬಾರದು, ಹಿಂದಿನಿಂದ ಬರುವವನು ನಿದ್ದೆಗಣ್ಣಲ್ಲಿ ಗುದ್ದುವುದು ಕಡೆಯ ಗಾಡಿಗೆ. ಡೀಸೆಲ್ ಟ್ಯಾಂಕಿನ ಬದಿ ಅಂಗಡಿಯ ದೀಪಕ್ಕೆ ಇರಬೇಕು, ಇಲ್ಲದಿದ್ದರೆ ಬೆಳಿಗ್ಗೆ ಟ್ಯಾಂಕು ಖಾಲಿ. ತೆಂಗಿನ ಮರದ ಕೆಳಗೆ ನಿಲ್ಲಿಸಬಾರದು. ಮರಳಿಗೆ ಇಳಿಸಲೇಬಾರದು. ಸ್ನಾನಕ್ಕೆ ಹೊಳೆಯೋ ಗುಡ್ಡದ ನೀರೋ ಹತ್ತಿರ ಬೇಕು. ಬೆಳಗಿನ ನಾಲ್ಕಕ್ಕೆ ಚಹಾ ಸಿಗುವ ಅಂಗಡಿ ಬೇಕು. ಮತ್ತೆ, ಇಷ್ಟು ಗಂಟೆಗೆ ಎಬ್ಬಿಸಿ ಎಂದು ಹೇಳಿ ಮಲಗಿದರೆ ಎಬ್ಬಿಸುವ ಜನ ಬೇಕು.

ಜರ್ಮನಿಯ ಅಪ್ಪನ ಮೈದುನ ಲಾರಿ ಚಾಲಕನಂತೆ. ಯುರೋಪಿನಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಲೇಬೇಕು, ಗಾಡಿಯಲ್ಲಿರುವ ಯಂತ್ರ ಅದನ್ನು ದಾಖಲು ಮಾಡುತ್ತದೆ. ವಾರದ ದೊಡ್ಡ ವಿಶ್ರಾಂತಿಯನ್ನಂತೂ ಕ್ಯಾಬಿನ್ನಿನಲ್ಲಿ ಮಲಗಿ ಕಳೆಯುವ ಹಾಗೇ ಇಲ್ಲ, ಸರಿಯಾದ ಕೋಣೆ ಬೇಕು. ಅಪ್ಪ ನಂಬಲಿಲ್ಲ, ನಾವು ಸುಮ್ಮನೆ ಅನುವಾದ ಕಟ್ಟುತ್ತಿದ್ದೇವೆ ಅಂದುಕೊಂಡರು. ನಮ್ಮಲ್ಲೂ ಕಾನೂನು ಇಲ್ಲವೆಂದಲ್ಲ. ಆಗ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎನ್ನುತ್ತಿತ್ತು, ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು ಎನ್ನುತ್ತಿತ್ತು. ಅಪ್ಪ ಈ ಕಾಯ್ದೆಯ ಹೆಸರು ಕೇಳಿದ್ದು ಅವತ್ತು ರಾತ್ರಿ ಕೇಣಿಯ ಮರಳಿನಲ್ಲಿ, ನಮ್ಮ ಬಾಯಿಂದ. 2025ರ ಅಕ್ಟೋಬರ್ 1ರ ನಂತರ ತಯಾರಾಗುವ ದೊಡ್ಡ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯವಾಗುತ್ತದೆ ಎಂಬುದನ್ನೂ ಹೇಳಿದೆವು. “ಒಳ್ಳೇದಾಯ್ತು,” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ನಿಲ್ಸೂಕೆ ಜಾಗ?”

ರಾತ್ರಿ ಅಪ್ಪ ಮಂಚದ ಮೇಲೆ ಮಲಗಲೇ ಇಲ್ಲ. ಐದು ದಿನವೂ ಹೀಗೆಯೇ. ಚಾಲಕನ ಸೀಟಿನಲ್ಲಿ ಕೂತು, ಟವೆಲ್ಲು ಸುತ್ತಿ ಕುತ್ತಿಗೆಗೆ ಇಟ್ಟು, ಕಾಲು ಪಕ್ಕದ ಸೀಟಿಗೆ ಚಾಚಿ ನಿದ್ದೆ. ನೆಟ್ಟಗೆ ಮಲಗಿದರೆ ಅವರಿಗೆ ಗಾಡಿಯಲ್ಲಿ ಇದ್ದ ಹಾಗೆ ಅನಿಸುವುದಿಲ್ಲವಂತೆ.

ಬೆಳಿಗ್ಗೆ ಐದೂವರೆಗೆ ಅವರೇ ನಮ್ಮನ್ನು ಎಬ್ಬಿಸಿದರು. “ಹಿಂದೆ ಹೋಗ್ವಾ.”

ಎಲ್ಲಿಗೆ ಎಂದು ಕೇಳಲಿಲ್ಲ. ಜರ್ಮನಿಯವರು ಇನ್ನೂ ಮಲಗಿದ್ದರು.

ಶಿರೂರಿನಲ್ಲಿ ನಾವು ಗಾಡಿ ನಿಲ್ಲಿಸಿದಾಗ ಹೊಳೆಯ ಮೇಲೆ ಮಂಜು ಇತ್ತು. ಓದುವವರಲ್ಲಿ ಹೊರ ಜಿಲ್ಲೆಯವರು ಇರಬಹುದು, ಅವರಿಗಾಗಿ ಎರಡು ಮಾತು. 2024ರ ಜುಲೈ 16, ಬೆಳಿಗ್ಗೆ ಎಂಟು ದಾಟಿದ ಹೊತ್ತು. ದಿನಗಟ್ಟಲೆ ಸುರಿದ ಮಳೆಗೆ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ರಸ್ತೆ ದಾಟಿ ಗಂಗಾವಳಿಗೆ ಬಿತ್ತು. ರಸ್ತೆ ಅಗಲ ಮಾಡಲು ಬುಡ ಕಡಿದಿದ್ದ ಗುಡ್ಡ ಅದು. ರಸ್ತೆ ಪಕ್ಕದ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದ ಚಾಲಕರು ಮಣ್ಣಿನ ಜೊತೆ ಹೋದರು. ಗ್ಯಾಸ್ ಟ್ಯಾಂಕರ್ ಹೊಳೆಯಲ್ಲಿ ತೇಲಿತು. ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರು ಆಚೆ ದಡದ ಉಳುವರೆಗೆ ನುಗ್ಗಿ ಮನೆಗಳನ್ನು ಕೆಡವಿತು, ಅಲ್ಲಿಯೂ ಜೀವ ಹೋಯಿತು. ಸತ್ತವರು, ಕಾಣೆಯಾದವರು ಸೇರಿ 11 ಜನ. ಕೇರಳದ ಚಾಲಕನೊಬ್ಬನ ಲಾರಿಗಾಗಿ ನಡೆದ ಹುಡುಕಾಟವನ್ನು ಎರಡು ರಾಜ್ಯ ಟಿವಿಯಲ್ಲಿ ನೋಡಿತು. ಗೋವಾದಿಂದ ಡ್ರೆಜ್ಜರ್ ತಂದು, ಹೊಳೆಯ ತಳದಿಂದ ಆ ಲಾರಿ ಎತ್ತಿದ್ದು ಸೆಪ್ಟೆಂಬರ್ 25ಕ್ಕೆ, 71 ದಿನಗಳ ಮೇಲೆ.

ನಾವು ಅಲ್ಲಿದ್ದೆವು. ನಮ್ಮ ತಾಲ್ಲೂಕು ಅಲ್ಲದಿದ್ದರೂ ಡೆಸ್ಕಿನವರು ಘಟ್ಟ ಇಳಿದು ಹೋಗಿ ಎಂದರು. ಬ್ಯಾರಿಕೇಡಿನ ಹಿಂದೆ, ಮಳೆಯಲ್ಲಿ, ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಕವರು ಸುತ್ತಿ ನಿಂತೆವು. ದೊಡ್ಡ ಚಾನೆಲಿನವರು ಬಂದರು, ಅವರಿಗೆ ಛತ್ರಿ ಹಿಡಿಯಲು ಜನ ಇದ್ದರು. ಸ್ಟ್ರಿಂಗರನ ಲೆಕ್ಕ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇವೆ: ಅಚ್ಚಾದರೆ ದುಡ್ಡು, ಆಗದಿದ್ದರೆ ಇಲ್ಲ, ಪೆಟ್ರೋಲು ನಮ್ಮದು. ಮೂರನೆಯ ದಿನದ ಹೊತ್ತಿಗೆ ಮಣ್ಣು ತೆಗೆಯುವ ಸುದ್ದಿ ಎಲ್ಲರ ಹತ್ತಿರವೂ ಇತ್ತು. ಡೆಸ್ಕಿನಿಂದ ಫೋನು, ಮನುಷ್ಯರ ಕಥೆ ಕಳಿಸಿ, ಭಾವನೆ ಇರುವಂಥದ್ದು. ಹೊಳೆಯ ದಂಡೆಯಲ್ಲಿ ನೀರನ್ನೇ ನೋಡುತ್ತ ನಿಂತ ಒಬ್ಬ ಹೆಂಗಸಿನ ಮುಂದೆ ಫೋನು ಹಿಡಿದು ಏನನಿಸುತ್ತಿದೆ ಎಂದು ಕೇಳಿದೆವು. ಅವರು ನಮ್ಮನ್ನು ಒಮ್ಮೆ ನೋಡಿ ಎರಡು ಹೆಜ್ಜೆ ಆಚೆ ಹೋಗಿ ಮತ್ತೆ ನೀರನ್ನು ನೋಡುತ್ತ ನಿಂತರು. ಆ ಎರಡು ಹೆಜ್ಜೆ ನಮಗೆ ಇವತ್ತಿಗೂ ಕಾಣುತ್ತದೆ.

ಈಗ ಅಪ್ಪ ಗಾಡಿಯಿಂದ ಇಳಿದರು. ಗುಡ್ಡದ ಮೈ ಇನ್ನೂ ಕೆಂಪಗೆ ಇತ್ತು. ರಸ್ತೆಯ ಮೇಲೆ ಲಾರಿಗಳು ನಿಲ್ಲದೆ ಹೋಗುತ್ತಿದ್ದವು. ಅಪ್ಪ ಅಳಲಿಲ್ಲ, ಕೈ ಮುಗಿಯಲಿಲ್ಲ. ಅಳತೆ ತೆಗೆಯಲು ಬಂದ ಸರ್ವೆಯವರ ಹಾಗೆ ಓಡಾಡಿದರು. ಇಲ್ಲಿ ಹತ್ತು ಚಕ್ರದ್ದು ನಿಲ್ತಿತ್ತು. ಇಲ್ಲಿಂದ ಹೊಳೆಗೆ ಇಳಿಯುವುದು. ಇಲ್ಲಿ ಅಂಗಡಿ. ದೀಪ ಈ ಬದಿಗೆ ಬೀಳುತ್ತಿತ್ತು. ಅವರು ಅದಿರು ಲಾರಿ ಬಿಟ್ಟ ಮೇಲೆ ಈ ದಾರಿ ಹಿಡಿದವರು. ಅದಕ್ಕೂ ಮೊದಲು ಹೊಸಪೇಟೆಯಿಂದ ಅರಬೈಲು ಘಟ್ಟ ಇಳಿದು ಬೇಲೆಕೇರಿ ಬಂದರಿಗೆ ಅದಿರು ಹೊತ್ತವರು. 2010ರಲ್ಲಿ ಅಲ್ಲಿ ಜಪ್ತಿ ಮಾಡಿಟ್ಟ ಲಕ್ಷಗಟ್ಟಲೆ ಟನ್ ಅದಿರು ಕಾಣೆಯಾಗಿ, ಸರಕಾರ ರಫ್ತು ನಿಲ್ಲಿಸಿ, ಘಟ್ಟದ ಅರ್ಧದಷ್ಟು ಲಾರಿಗಳು ಮನೆ ಮುಂದೆ ತುಕ್ಕು ಹಿಡಿದಾಗ ಅಪ್ಪ ಮಂಗಳೂರು-ಗೋವಾ ಸರಕು ಹಿಡಿದರು. ಅಂದರೆ ಇಲ್ಲಿ ಹತ್ತು ವರ್ಷ ನಿಂತಿದ್ದಾರೆ, ಮಲಗಿದ್ದಾರೆ, ಮಿಂದಿದ್ದಾರೆ.

ಹಿಂದಿನ ರಾತ್ರಿ ಜರ್ಮನಿಯವರಿಗೆ ಹೇಳಿದ ಅಷ್ಟೂ ನಿಯಮಕ್ಕೆ ಸರಿ ಹೊಂದುವ ಜಾಗ ಇದು. ದೀಪ, ನೀರು, ಚಹಾ, ಎಬ್ಬಿಸುವ ಜನ. ಒಂದೇ ಒಂದು ವಿಷಯ ಅಪ್ಪನ ನಿಯಮದಲ್ಲಿ ಇರಲಿಲ್ಲ.

“ಗುಡ್ಡ ನೋಡೂದು ನಮ್ಮ ಕೆಲಸ ಅಲ್ಲ ಅಂದ್ಕಂಡಿದ್ದೆ,” ಅಂದರು ಗಾಡಿ ಹತ್ತುವಾಗ. ಹತ್ತು ನಿಮಿಷವೂ ನಿಂತಿರಲಿಲ್ಲ ನಾವು.

ಅಂಕೋಲಾದಲ್ಲಿ ಚಹಾ ಕುಡಿದು ಕಾರವಾರಕ್ಕೆ ಹೊರಟೆವು. 35 ಕಿಲೋಮೀಟರಿನ ಆಸುಪಾಸು. ಹಾರವಾಡ, ಅಮದಳ್ಳಿ, ತೋಡೂರು, ಚೆಂಡಿಯೆ, ಅರ್ಗಾ. ಸಮುದ್ರ ಎಡಕ್ಕೆ ಇದೆ ಎಂದು ಗೊತ್ತು, ಆದರೆ ಬಹಳ ಕಡೆ ಗೋಡೆ, ತಂತಿ ಬೇಲಿ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು, 2005ರಲ್ಲಿ ಐಎನ್‌ಎಸ್ ಕದಂಬ ಆಯಿತು. ನಡುವೆ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ ಎದ್ದು ಹೋಗಬೇಕಾಯಿತು. ಪರಿಹಾರದ ಕೇಸುಗಳ ಬಗ್ಗೆ ನಮ್ಮ ಗೆಳೆಯರು ಎಷ್ಟೋ ಸಲ ಬರೆದಿದ್ದಾರೆ. ಕ್ಯಾಂಪರ್‌ವ್ಯಾನಿನವರು ತಿಳಿಯಬೇಕಾದದ್ದು ಇಷ್ಟು, ಇಲ್ಲಿ ಫೋಟೋ ತೆಗೆಯಬೇಡಿ, ಗಾಡಿ ನಿಲ್ಲಿಸಬೇಡಿ. ಬಿಣಗಾ ದಾಟಿದ ಮೇಲೆ ಸುರಂಗ. ಸುರಂಗದಿಂದ ಹೊರಬಂದರೆ ಒಮ್ಮೆಗೇ ಇಡೀ ಸಮುದ್ರ, ಬಂದರು, ದೂರದಲ್ಲಿ ನಡುಗಡ್ಡೆಗಳು. ಅಪ್ಪನಿಗೆ ಸುರಂಗ ಇಷ್ಟವಾಗಲಿಲ್ಲ. ಹಳೆಯ ತಿರುವು ರಸ್ತೆಯಲ್ಲಿ ಸಮುದ್ರ ನಿಧಾನ ಕಾಣುತ್ತಿತ್ತಂತೆ.

ಕಾರವಾರದಲ್ಲಿ ಪ್ರವಾಸಿಗರು ಮಾಡುವುದನ್ನೆಲ್ಲ ಮಾಡಿದೆವು. ಬನ್ಸ್, ಭಾಜಿ-ಪಾವ್ ತಿಂದೆವು. ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆ ಹತ್ತಿದೆವು. 2006ರಿಂದ ಅದು ಮ್ಯೂಸಿಯಂ. ರವೀಂದ್ರನಾಥ ಟ್ಯಾಗೋರರು ಇಪ್ಪತ್ತೆರಡರ ವಯಸ್ಸಿನಲ್ಲಿ ಇಲ್ಲಿ ಬಂದು, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಉಳಿದು ನಾಟಕ ಬರೆದರು ಎಂಬ ಕಥೆಯನ್ನು ಅಪ್ಪನಿಗೆ ಹೇಳಿದೆವು. “ಅಣ್ಣನ ಮನೆ ಇದ್ರೆ ಬರೀಲಿಕ್ಕಾಗ್ತದೆ,” ಅಂದರು. ಇದು ನಮಗೆ ಬಿದ್ದ ಏಟೋ ಟ್ಯಾಗೋರರಿಗೋ ತಿಳಿಯಲಿಲ್ಲ.

ಕೊನೆಯ ರಾತ್ರಿಗೆ ಕೋಡಿಬಾಗ ಕಡೆ ಹೋಗಿ ಕಾಳಿ ನದಿಯ ದಂಡೆಯಲ್ಲಿ, ಪರಿಚಯದವರ ಮನೆಯ ಅಂಗಳದಲ್ಲಿ ಗಾಡಿ ಇಟ್ಟೆವು. ಶೌಚಾಲಯ ಇರುವ ಅಂಗಳ. ಅಲ್ಲಿಂದ ಹೊಸ ಸೇತುವೆ ಕಾಣುತ್ತದೆ, ಆಚೆ ಸದಾಶಿವಗಡದ ಗುಡ್ಡ. ಹಳೆಯ ಸೇತುವೆ ಕುಸಿದದ್ದು ಶಿರೂರಿನ ನಂತರ ಮೂರೇ ವಾರಕ್ಕೆ, 2024ರ ಆಗಸ್ಟ್ 7ರ ಮಧ್ಯರಾತ್ರಿ ದಾಟಿ ಒಂದು ಗಂಟೆಯ ಹೊತ್ತಿಗೆ. ನಲವತ್ತು ವರ್ಷದ ಸೇತುವೆ. ಗೋವಾ ಕಡೆಯಿಂದ ಬರುತ್ತಿದ್ದ ಒಂದು ಲಾರಿ ಅದರ ಜೊತೆ ನೀರಿಗೆ ಬಿತ್ತು. ತಮಿಳುನಾಡಿನ ಚಾಲಕ ಕ್ಯಾಬಿನ್ನಿನ ಮೇಲೆ ಹತ್ತಿ ಕೂತಿದ್ದ, ಪೊಲೀಸರೂ ದೋಣಿಯ ಮೀನುಗಾರರೂ ಸೇರಿ ಅವನನ್ನು ದಡಕ್ಕೆ ತಂದರು.

ಊಟ ಆದ ಮೇಲೆ ಅಪ್ಪ ತಮ್ಮ ಚೀಲದಿಂದ ಒಂದು ನೀಲಿ ಡೈರಿ ತೆಗೆದರು. ನಾವು ಇದನ್ನು ಚಿಕ್ಕಂದಿನಿಂದ ನೋಡಿದ್ದೇವೆ. ಬಿಡಿಭಾಗದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟದ್ದು, ರಬ್ಬರ್ ಬ್ಯಾಂಡು ಹಾಕಿ ಕಟ್ಟಿದ್ದು. ಒಳಗೆ ಏನಿದೆ ಎಂದು ಯಾವತ್ತೂ ತೆರೆದಿರಲಿಲ್ಲ. ಲೆಕ್ಕ ಇರಬೇಕು ಎಂದುಕೊಂಡಿದ್ದೆವು.

ಒಳಗೆ ಇದ್ದದ್ದು ಫೋನ್ ನಂಬರುಗಳು. ಹೆಸರಿಲ್ಲ, ಊರು ಮತ್ತು ಗಾಡಿ. ಕುಂದಾಪುರ ಟಾರಸ್. ಸೇಲಂ ಹದಿನಾಲ್ಕು ಚಕ್ರ. ಹಾನಗಲ್ ಈಚರ್. ಒಂದು ಪುಟದ ತಲೆಯಲ್ಲಿ ಪೆನ್ಸಿಲಿನಲ್ಲಿ 16-7-24 ಎಂದು ಬರೆದಿತ್ತು. ಕೆಳಗೆ 63 ನಂಬರು. ಪಕ್ಕದಲ್ಲಿ ಸರಿ ಗುರುತು, ಸಮಯ, ಜಾಗ. 10.20 ಭಟ್ಕಳ. 10.25 ಮನೆ. 10.40 ಕಾರವಾರ ಡಾಬಾ. ಕೆಲವಕ್ಕೆ ಸೊನ್ನೆ, ಸೊನ್ನೆಯ ಒಳಗೆ ಆಮೇಲೆ ಹಾಕಿದ ಸರಿ ಗುರುತು.

ಅವತ್ತು ಟಿವಿಯಲ್ಲಿ ಸುದ್ದಿ ನೋಡಿದ ಕೂಡಲೇ ಅಪ್ಪ ಜಗಲಿಯಲ್ಲಿ ಕೂತು ತಮಗೆ ಗೊತ್ತಿದ್ದ, ಆ ದಾರಿಯಲ್ಲಿ ಓಡುವ ಚಾಲಕರಿಗೆಲ್ಲ ಒಬ್ಬೊಬ್ಬರಿಗೆ ಫೋನು ಮಾಡಿದ್ದಾರೆ. ಎಲ್ಲಿದ್ದೀಯಾ? ಅಷ್ಟೇ ಪ್ರಶ್ನೆ. ಉತ್ತರ ಬಂದರೆ, ನಿನ್ನ ಮುಂದೆ ಯಾರು ಹೋಗಿದ್ದಾರೆ? ಶಿರೂರಿನಲ್ಲಿ ಯಾರ ಗಾಡಿ ನೋಡಿದೆ? ಅದನ್ನೂ ಬರೆದುಕೊಂಡಿದ್ದಾರೆ. ಒಂದು ನಂಬರು ಮಾತ್ರ ಇಡೀ ದಿನ ರಿಂಗಾಗಿ ರಿಂಗಾಗಿ ನಿಂತಿತ್ತು. ಆ ಮನುಷ್ಯ ಕುಮಟಾದ ಹತ್ತಿರ ಸಾಲಿನಲ್ಲಿ ಸಿಕ್ಕಿ, ಫೋನು ಸೀಟಿನ ಕೆಳಗೆ ಬಿದ್ದು, ಇದೇನೂ ತಿಳಿಯದೆ ನಿದ್ದೆ ಮಾಡಿದ್ದ. ಮರುದಿನ 6.15ಕ್ಕೆ ಸರಿ ಗುರುತು.

ಆ ದಿನ ಮಣ್ಣಿನ ಕೆಳಗೆ ಎಷ್ಟು ಗಾಡಿ ಇದೆ, ಎಷ್ಟು ಜನ ಇದ್ದಾರೆ ಎಂಬುದು ಸ್ಥಳದಲ್ಲಿದ್ದ ಯಾರಿಗೂ ಖಚಿತ ಇರಲಿಲ್ಲ. ಒಬ್ಬರು ಒಂದು ಸಂಖ್ಯೆ ಹೇಳಿದರೆ ಇನ್ನೊಬ್ಬರು ಇನ್ನೊಂದು. ನಾವು ಮೂರು ಸಲ ಬೇರೆ ಬೇರೆ ಸಂಖ್ಯೆ ಕಳಿಸಿ ಡೆಸ್ಕಿನಿಂದ ಬೈಸಿಕೊಂಡಿದ್ದೆವು. ಅದೇ ಹೊತ್ತಿಗೆ ನಮ್ಮ ಮನೆಯ ಜಗಲಿಯಲ್ಲಿ ಈ ಡೈರಿ ತೆರೆದಿತ್ತು.

ಮತ್ತೆ ನಾವು ಅಪ್ಪನಿಗೆ ಫೋನು ಮಾಡಿದ್ದೆವು. ಅದೂ ಪುಟದಲ್ಲಿದೆ ಎಂದು ಹೇಳಬಹುದು, 12.50 ಮತ್ತು 1.05ರ ನಡುವೆ ಒಂದು ಖಾಲಿ ಸಾಲು. ಬೆಳಗ್ಗಿನಿಂದ ಬ್ಯುಸಿ ಬರುತ್ತಿದ್ದ ಫೋನು ಕೊನೆಗೂ ಸಿಕ್ಕಿತು ಎಂದು ಖುಷಿಯಾಗಿ ಕೇಳಿದ್ದೆವು: “ಅಪ್ಪಾ, ನಿಮಗೆ ಆ ಅಂಗಡಿ ಗೊತ್ತಲ್ಲ, ಈಗ ಏನನಿಸ್ತದೆ ಹೇಳಿ, ಎರಡೇ ಸಾಲು, ನಿಮ್ಮ ಫೋಟೋ ಸಮೇತ ಹಾಕ್ತೇವೆ.” ಅಪ್ಪ “ಫೋನ್ ಇಡು” ಎಂದು ಕಟ್ ಮಾಡಿದರು. ಹಾಗೆ ಮಾಡಿದ್ದು ಅದೇ ಮೊದಲು. ದುಃಖಕ್ಕೆ ಮಾಡಿದರು, ಮಾತನಾಡಲು ಆಗಲಿಲ್ಲ ಎಂದು ನಾವು ಆರು ತಿಂಗಳು ತಿಳಿದುಕೊಂಡಿದ್ದೆವು. ಆ ಕಾರಣಕ್ಕೇ ಶಿರೂರಿನ ಹೆಸರು ಎತ್ತುತ್ತಿರಲಿಲ್ಲ.

“ದುಃಖ ಎಂತದು ಮಾರಾಯಾ,” ಅಂದರು ಅಪ್ಪ. “ಹಾನಗಲ್‌ನವ ಲೈನಿಗೆ ಸಿಗೂ ಹೊತ್ತಿಗೆ ನೀವು ಮಧ್ಯ ಬಂದ್ರಿ.”

ನಮಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆವು. ಡೈರಿ ಇದೆ, ಇಷ್ಟು ಜನ ಕ್ಷೇಮ ಇದ್ದಾರೆ ಎಂದು ಒಂದು ಮಾತು ಹೇಳಿದ್ದರೆ ನಾವು ಅದನ್ನು ಅಲ್ಲಿದ್ದ ಅಧಿಕಾರಿಗಳಿಗಾದರೂ ಮುಟ್ಟಿಸುತ್ತಿದ್ದೆವು. ಅಪ್ಪ ರಬ್ಬರ್ ಬ್ಯಾಂಡು ಬಿಗಿದರು. “ನೀವು ಅದು ಕೇಳಲಿಲ್ಲ ತಮಾ.”

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಮನೆಯವರ ನಾಯಿ ಗಾಡಿಯ ಕೆಳಗೆ ಬಂದು ಮಲಗಿತು. ಡಿಪ್ಲೊಮಾದಲ್ಲಿ ನಮಗೆ ಮೊದಲ ವಾರ ಕಲಿಸಿದ್ದು ಯಾರು, ಏನು, ಎಲ್ಲಿ, ಯಾವಾಗ. ಅಪ್ಪನ ಪುಟದಲ್ಲಿ ನಾಲ್ಕೂ ಇತ್ತು. ಏನನಿಸುತ್ತದೆ ಎಂಬುದು ನಮ್ಮ ಸಿಲೆಬಸ್ಸಿನಲ್ಲಿ ಇರಲಿಲ್ಲ, ಅದನ್ನು ನಾವು ಕೆಲಸಕ್ಕೆ ಸೇರಿದ ಮೇಲೆ ಟಿವಿ ನೋಡಿ ಕಲಿತೆವು.

ಡೈರಿಯಲ್ಲಿ 7-8-24ರ ಪುಟವೂ ಇತ್ತು, ಕಾಳಿ ಸೇತುವೆಯದ್ದು. ಅದು ಸಣ್ಣದು, ಹದಿನೇಳು ನಂಬರು. ಆ ಹೊತ್ತಿಗೆ ಚಾಲಕರದ್ದೇ ಒಂದು ವಾಟ್ಸಾಪ್ ಗುಂಪು ಆಗಿತ್ತು, ಕುಂದಾಪುರದವ ಮಾಡಿದ್ದು. ರಾತ್ರಿ ಎರಡಕ್ಕೆ ಅಪ್ಪ ವರಾಂಡದಲ್ಲಿ ಮಾತನಾಡುವುದು ಕೇಳಿ ನಾವು ವಯಸ್ಸಾಯಿತು, ನಿದ್ದೆ ಬರುವುದಿಲ್ಲ ಎಂದುಕೊಂಡು ಮಗ್ಗುಲು ಬದಲಿಸಿದ್ದೆವು.

ಕೊನೆಯ ದಿನ ಬೆಳಿಗ್ಗೆ ಹೊಸ ಸೇತುವೆ ದಾಟಿ ಮಾಜಾಳಿಗೆ ಹೋದೆವು. ಗೋವಾ ಗಡಿಯ ಹತ್ತಿರ ಗಾಡಿ ತಿರುಗಿಸಿ ಒಂದು ಫೋಟೋ ತೆಗೆದೆವು, ಅಪ್ಪನ ಕಣ್ಣು ಮುಚ್ಚಿದೆ. ಒಟ್ಟು ಖರ್ಚು ಪೆಟ್ರೋಲು, ಟೋಲು, ಊಟ ಎಲ್ಲ ಸೇರಿ ₹9,600. ಬೇಕಾದವರಿಗೆ ಲೆಕ್ಕ ಕಳಿಸುತ್ತೇವೆ. ಬಡಗಿಯ ಕೂಲಿ ಸೇರಿಲ್ಲ, ಅವನಿಗೆ ಇನ್ನೂ ಸ್ವಲ್ಪ ಬಾಕಿ ಇದೆ.

ತಿರುಗಿ ಬರುವಾಗ ಕಾರವಾರದ ಹೊರಗೆ ಜರ್ಮನಿಯವರ ಎತ್ತರದ ವ್ಯಾನು ಎದುರಿನಿಂದ ಬಂತು. ಎರಡೂ ಕಡೆ ಹಾರ್ನು, ಕೈ ಬೀಸಾಟ, ರಸ್ತೆ ಬದಿಗೆ ನಿಲ್ಲಿಸಿ ಐದು ನಿಮಿಷ ಮಾತು. ಅಪ್ಪ ಅವರ ನಂಬರು ಕೇಳಿಸಿ ಡೈರಿಯಲ್ಲಿ ಬರೆಸಿದರು. ಹೆಸರು ಬೇಡ ಅಂದರು. ‘ಜರ್ಮನಿ, ಎತ್ತರದ ವ್ಯಾನು.’ ಮುಂಬಯಿಯಲ್ಲಿ ಹಡಗು ಹತ್ತಿಸಿದ ಮೇಲೆ ತಿಳಿಸಬೇಕು ಎಂದು ಹೇಳಿ ಎಂದರು, ಹೇಳಿದೆವು. ಆ ಅಮ್ಮನಿಗೆ ಇದು ಯಾಕೆ ಇಷ್ಟು ಮುಖ್ಯ ಎಂದು ಅರ್ಥವಾಗಲಿಲ್ಲ, ಆದರೂ ತಿಳಿಸುತ್ತೇನೆ ಎಂದರು. ಎಂಟು ದಿನ ಬಿಟ್ಟು ಫೋಟೋ ಬಂತು, ಕಂಟೇನರುಗಳ ನಡುವೆ ಅವರ ಗಾಡಿ. ಅಪ್ಪ ಸರಿ ಗುರುತು ಹಾಕಿದರು.

ಆದರೆ ಅದು ಆಮೇಲಿನ ಮಾತು. ಅವತ್ತು ಅಂಕೋಲಾ ದಾಟಿ, ಘಟ್ಟಕ್ಕೆ ತಿರುಗುವ ಬಾಳೆಗುಳಿ ಕ್ರಾಸಿನಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಸಂಜೆ ನಾಲ್ಕು. ಬಿಸಿಲು ಇತ್ತು, ಮಳೆಯ ಸುಳಿವೇ ಇಲ್ಲದ ಕಾಲ. ಅಪ್ಪ ಲೋಟ ಕೆಳಗಿಟ್ಟು, ಡೈರಿ ನೋಡದೆಯೇ ಒಂದು ನಂಬರು ಒತ್ತಿ ಸ್ಪೀಕರಿಗೆ ಹಾಕಿದರು.

“ಎಲ್ಲಿದ್ದೀಯಾ?”

“ಹೊನ್ನಾವರ ದಾಟಿದೆ. ನೀನು?”

“ಬಾಳೆಗುಳಿ.”